ಮಟ್ಟ ಉಂಟು

ಮೊನ್ನೆ ಕೊಚ್ಚಿಯ ಎಡಪ್ಪಳ್ಳಿ ಜಂಕ್ಷನ್ನಿನಲ್ಲಿ ಯಾರದೋ ಕಾರಿನ ಕಿಟಕಿ ತಟ್ಟಿ ಬೈಸಿಕೊಂಡೆ. ರಸ್ತೆ ದಾಟಲೆಂದು ನಿಂತಿದ್ದೆ. ಮಳೆ ಆಗಷ್ಟೇ ಬಿಟ್ಟಿತ್ತು, ಆ ವಾಸನೆ ಮೂಗಿಗೆ ಬಡಿಯಿತು. ಹಪ್ಪಳ ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಒಲೆಯ ಮೇಲೆ ಮರೆತರೆ ಬರುತ್ತದಲ್ಲ, ಅಂಥದ್ದು. ಎದುರಿಗಿದ್ದ ಬಿಳಿ ಕಾರು ಸಿಗ್ನಲ್ ಹಸಿರಾದ ಮೇಲೂ ಒಂದು ಗಳಿಗೆ ಅನುಮಾನಿಸಿತು, ಎಂಜಿನ್ ಗರ್ ಎಂದಿತು, ಆಮೇಲೆ ಹಿಂದಿನಿಂದ ಒದೆ ತಿಂದಂತೆ ಮುಂದಕ್ಕೆ ಹಾರಿ, ಹತ್ತು ಮಾರು ಹೋಗಿ, ಎಂದಿನ ಟ್ರಾಫಿಕ್ಕಿನಲ್ಲಿ ಮತ್ತೆ ನಿಂತಿತು. ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ಗಾಜು ತಟ್ಟಿ, ನಿಮ್ಮ ಗಿಯರ್ ಬಾಕ್ಸಿನ ಆಯಿಲ್ ಸೀದುಹೋಗಿದೆ, ಇವತ್ತೇ ಬದಲಿಸಿ ಎಂದು ಮಲಯಾಳದಲ್ಲಿ ಹೇಳಿದೆ. ಒಳಗಿದ್ದವನು ನನ್ನ ಕೊಡೆ, ಕಂಕುಳಿನ ಫೈಲು, ಚಪ್ಪಲಿಯ ಕೆಸರು ಎಲ್ಲವನ್ನೂ ನೋಡಿ, "ಚೇಟ್ಟನ್ ಮೆಕ್ಯಾನಿಕ್ ಆಣೋ?" ಎಂದು ಕೇಳಿದ, ಅಣ್ಣ ಮೆಕ್ಯಾನಿಕ್ಕೇ ಎಂದು. ಅಲ್ಲ ಎಂದೆ. "ಪಿನ್ನೆ ಸ್ವಂತಂ ಕಾರ್ಯಂ ನೋಕ್ಕ್" ಎಂದು ಗಾಜು ಏರಿಸಿದ. ಹಾಗಾದರೆ ನಿನ್ನ ಕೆಲಸ ನೋಡಿಕೋ ಎಂದರ್ಥ. ಇಷ್ಟು ಮಲಯಾಳ ನನಗೆ ಬರುತ್ತದೆ.

ಅವನ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ನಾನೂ ಹೀಗೇ ಗಾಜು ಏರಿಸಿಕೊಂಡು ಕೂತಿದ್ದವನು. ಆಗ ಹೊರಗೆ ನಿಂತು ತಟ್ಟುತ್ತಿದ್ದವಳು ನನ್ನ ಹೆಂಡತಿ.

ನಾನು ಭಾಷಾಂತರ ಮಾಡಿ ಹೊಟ್ಟೆ ಹೊರೆಯುವವನು. ಊರು ಕಾಸರಗೋಡಿನ ಬಡಗು ಭಾಗ, ಮನೆಮಾತು ಕನ್ನಡ, ಓದಿದ್ದು ಕನ್ನಡ ಶಾಲೆಯಲ್ಲಿ. ನಮ್ಮ ಕಡೆಯ ಹಳೆಯ ಪಾಲುಪಟ್ಟಿ, ಮೂಲಗೇಣಿ ಚೀಟು, ಉಯಿಲುಗಳು ಎರ್ನಾಕುಲಂನ ಕೋರ್ಟಿಗೆ ಬಂದಾಗ ಅವನ್ನು ಇಂಗ್ಲಿಷಿಗೋ ಮಲಯಾಳಕ್ಕೋ ತಿರುಗಿಸಿ ವಕೀಲರ ಕೈಗೆ ಕೊಡುವುದು ನನ್ನ ಕೆಲಸ. ಒಂದು ಶಬ್ದ ಹೆಚ್ಚುಕಮ್ಮಿ ಆದರೆ ಒಬ್ಬನ ತೋಟ ಇನ್ನೊಬ್ಬನದಾಗುತ್ತದೆ ಎಂದು ಕಿರಿಯ ವಕೀಲರಿಗೆ ಪಾಠ ಹೇಳುವ ಚಾಳಿಯೂ ಇದೆ.

ಹೆಂಡತಿ ಜಯಂತಿ ಮೈಸೂರಿನವಳು. ಕೃಷಿ ಓದಿ, ಕೇಂದ್ರ ಸರ್ಕಾರದ ಬೆಳೆ ಸಮೀಕ್ಷೆಯ ಕೆಲಸಕ್ಕೆ ಸೇರಿ, ಕೊಚ್ಚಿಯಲ್ಲಿದ್ದಳು. ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಸರಿಯಾಗಿ ಅವಳಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಶ್ರೀಕಾರ್ಯಂನಲ್ಲಿ ಒಂದು ಪುಟ್ಟ ಮನೆ ಹಿಡಿದೆವು. ನಾನು ಎಡಪ್ಪಳ್ಳಿಯ ಬಾಡಿಗೆ ಮನೆಯಲ್ಲೇ ಉಳಿದೆ. ಶುಕ್ರವಾರ ಹೋಗುವುದು, ಸೋಮವಾರ ಕೋಳಿ ಕೂಗುವ ಮೊದಲೇ ಹೊರಟು ಬರುವುದು ಎಂದಾಯಿತು.

ಜಯಂತಿಯ ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೋ ತಗಲಿ ಬಲವಿಲ್ಲ. ಕ್ಲಚ್ಚು ತುಳಿಯಲಾಗದು. ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಕಾರಾದರೆ ಬಲಗಾಲೊಂದೇ ಸಾಕು. ಅದಕ್ಕೆಂದೇ ಹುಡುಕಿ ಹುಡುಕಿ ಒಂದು ಹಳೆಯ ಆಟೋಮ್ಯಾಟಿಕ್ ಕೊಂಡಿದ್ದೆವು. ಅವಳ ಹೆಸರಲ್ಲೇ ಕೊಂಡದ್ದು. ತಿರುವನಂತಪುರದಲ್ಲಿ ಅವಳಿಗೆ ಅದು ಬೇಕೇ ಬೇಕಿತ್ತು. ಹೊಸ ಮೇಲಧಿಕಾರಿ ರಾಧಾಮಣಿ ಮೇಡಂ ಅವಳ ನಡಿಗೆ ನೋಡಿ, ಹೊಲ ಸುತ್ತುವ ಕೆಲಸ ಬೇಡ, ಆಫೀಸಿನಲ್ಲಿ ಕೂತು ಲೆಕ್ಕ ಹಾಕಿ ಎಂದಿದ್ದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಹದಿನೈದು ವರ್ಷ ಹೊಲದಲ್ಲಿ ನಿಂತು ಬೆಳೆ ನೋಡಿದವಳಿಗೆ ಕುರ್ಚಿ ತೋರಿಸಿದರೆ ಏನನಿಸಬೇಡ? ಇವಳು ಹಟ ಹಿಡಿದಳು. ಕೊನೆಗೆ ಮೇಡಂ ಒಪ್ಪಿ, ಆಗಸ್ಟ್ ನಡುವೆ ಶುರುವಾಗುವ ಚಿಂಗಂ ತಿಂಗಳಿಗೆ ಮುಂಚೆ ಒಂದು ಸೋಮವಾರ ನಿಮ್ಮ ಕಾರಿನಲ್ಲೇ ನಾನೂ ಬರುತ್ತೇನೆ, ವೆಂಞಾರಮೂಡಿನ ಆಚೆ ಒಂದು ಮರಗೆಣಸಿನ ಹೊಲ ನೋಡಿ ಬರೋಣ, ಆಮೇಲೆ ನಿಮಗೆ ಯಾವ ಪಂಚಾಯತ್ ಎಂದು ನಿರ್ಧರಿಸುತ್ತೇನೆ ಎಂದರು.

ಇಷ್ಟೆಲ್ಲ ಗೊತ್ತಿದ್ದೂ ಕಾರು ಎಲ್ಲಿತ್ತು? ನನ್ನ ಹತ್ತಿರ, ಕೊಚ್ಚಿಯಲ್ಲಿ.

ಇದನ್ನು ಹೇಳಲು ನಾಚಿಕೆಯಾಗುತ್ತದೆ. ಎಡಪ್ಪಳ್ಳಿಯಿಂದ ಎರ್ನಾಕುಲಂಗೆ ಮೆಟ್ರೋ ಇದೆ. ಏಸಿ ಇದೆ, ಕೂರಲು ಜಾಗವಿದೆ, ಇಳಿದರೆ ಆಫೀಸು. ಆದರೂ ನಾನು ಆ ಕಾರು ಹತ್ತಿ, ಪ್ರತಿ ಸಿಗ್ನಲ್ಲಿನಲ್ಲೂ ನಿಂತು, ಒಂದು ಗಂಟೆ ತೆವಳಿಕೊಂಡು ಹೋಗುತ್ತಿದ್ದೆ. ಎಡಗಾಲು ಮಡಚಿಟ್ಟು ರಾಜನ ಹಾಗೆ ಕೂತು ಓಡಿಸುವ ಸುಖ ಹೊಸದು. ಹೆಂಡತಿ ಕೇಳಿದಾಗಲೆಲ್ಲ, "ಮಳೆಯೊಂದು ನಿಲ್ಲಲಿ ಮಾರಾಯ್ತಿ, ಆ ರಸ್ತೆಯಲ್ಲಿ ನೀನು ಹೇಗೆ ಬಿಡ್ತೀ?" ಎನ್ನುತ್ತಿದ್ದೆ. ರಸ್ತೆಯೂ ನನಗೆ ಸಾಥ್ ಕೊಡುತ್ತಿತ್ತು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದು, ಆಲಪ್ಪುಳದಿಂದ ಮುಂದೆ ದಾರಿ ಎನ್ನುವುದೇ ಇರಲಿಲ್ಲ. ಒಂದು ವಾರ ಎಡಕ್ಕೆ ತಿರುಗಿಸಿದ ಕಡೆ ಮುಂದಿನ ವಾರ ಬಲಕ್ಕೆ ತಿರುಗಿಸುತ್ತಿದ್ದರು. ಕೆಂಪು ಡ್ರಮ್ಮು, ಕೆಸರು ಗುಂಡಿ, ಅದರ ನಡುವೆ ಕೆಟ್ಟು ನಿಂತ ಲಾರಿ. ಆರು ಗಂಟೆ, ಏಳು ಗಂಟೆ, ಇಡೀ ದಾರಿ ಬ್ರೇಕಿನ ಮೇಲೆ ಕಾಲು. ಅವಳ ಹೊಟ್ಟೆಗೆ ಹಾಕಬೇಕಾದ ಅನ್ನವನ್ನು ನಾನು ತಿಂದ ಹಾಗೆ, ಅವಳ ಕಾರಿನ ಆಯುಸ್ಸನ್ನು ನಾನು ತಿಂದೆ.

ಜಯಂತಿಗೆ ಮಲಯಾಳ ಅಷ್ಟಕ್ಕಷ್ಟೇ. ಅದು ನಮ್ಮ ಮನೆಯ ತಮಾಷೆಯ ಸರಕು. ಕೊಚ್ಚಿಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಚೇಚಿಗೆ, ಎಂದರೆ ಅಕ್ಕನಿಗೆ, ಒಂದು ಬಟ್ಟಲು ಬೇಳೆಸಾರು ಕೊಡಲು ಹೋಗಿ, ಅವರ ಅಡುಗೆಮನೆಯ ನೆಲದ ಮೇಲೆ ಅರ್ಧ ಚೆಲ್ಲಿದಳು. ಕ್ಷಮಿಸಿ ಎಂದಾಗ ಚೇಚಿ, "ಸಾರಮಿಲ್ಲ ಮೋಳೇ" ಎಂದರು. ಪರವಾಗಿಲ್ಲ ಮಗಳೇ ಎಂದು ಅದರ ಅರ್ಥ. ಇವಳು ಸಾರು ಇಲ್ಲ ಎನ್ನುತ್ತಿದ್ದಾರೆ ಎಂದುಕೊಂಡು ಓಡಿಬಂದು, ನನ್ನ ಪಾಲಿನದನ್ನೂ ಸೇರಿಸಿ ಇನ್ನೊಂದು ಬಟ್ಟಲು ಒಯ್ದಳು. ಈ ಕತೆಯನ್ನು ನಾನು ಆಫೀಸಿನಲ್ಲಿ, ಊರಿನಲ್ಲಿ, ಅವಳ ತವರಿನಲ್ಲಿ, ಅವಳ ಎದುರೇ ಹೇಳಿ ನಗಿಸಿದ್ದೇನೆ. ಹೇಳಿದಷ್ಟೂ ಬಾರಿ ನನ್ನ ಮಲಯಾಳ ಒಂದು ಗೇಣು ಬೆಳೆಯುತ್ತಿತ್ತು.

ಕಾರಿನ ತೊಂದರೆ ಮೊದಲು ಕಂಡುಹಿಡಿದವಳು ಅವಳೇ. ಒಂದು ಶನಿವಾರ ತರಕಾರಿ ತರಲು ಅವಳು ಕಾರು ತೆಗೆದಳು. ಹಿಂದಕ್ಕೆ ತೆಗೆಯಲು ಗಿಯರ್ ಹಾಕಿದರೆ ಕಾರು ಒಂದೆರಡು ಉಸಿರು ಸುಮ್ಮನಿದ್ದು, ಆಮೇಲೆ ದಡ್ ಎಂದು ಸದ್ದು ಮಾಡಿ ಹಿಂದೆ ಸರಿಯಿತು.

"ರೀ, ಮೊದಲು ಹೀಗೆ ಮಾಡ್ತಿರ್ಲಿಲ್ಲ" ಎಂದಳು.

"ಹಳೆ ಗಾಡಿ ಅಲ್ವಾ, ಚಳಿ ಹಿಡಿದಿದೆ" ಎಂದೆ. ಜಡಿಮಳೆಯ ಕರ್ಕಟಕ ಮಾಸವಾದರೂ ತಿರುವನಂತಪುರದಲ್ಲಿ ಯಾರಿಗೂ ಚಳಿ ಹಿಡಿಯುವುದಿಲ್ಲ ಎಂದು ನನಗೇನು ಗೊತ್ತಿರಲಿಲ್ಲವೇ?

ಮುಂದಿನ ವಾರ ನಾನು ಕಾರು ನಿಲ್ಲಿಸಿದ ಜಾಗದಲ್ಲಿ ಸಿಮೆಂಟಿನ ಮೇಲೆ ಒಂದು ಕಲೆ ಬಿದ್ದಿತ್ತು. ಅವಳು ಮೆಲ್ಲನೆ ಕುಳಿತು ಅದನ್ನು ಬೆರಳಿಗೆ ಹಚ್ಚಿಕೊಂಡು, ತಿಕ್ಕಿ, ಮೂಸಿ ನೋಡಿದಳು. ಕೊಳೆತ ಶುಂಠಿಯನ್ನು ಮೂಸಿಯೇ ಯಾವ ರೋಗ ಎಂದು ಹೇಳುವ ಮೂಗು ಅದು. ಆಮೇಲೆ ಒಳಗೆ ಹೋಗಿ ಬಿಳಿ ಹಾಳೆ ತಂದು ಕಲೆಯ ಮೇಲೆ ಒತ್ತಿದಳು. "ಸೀದ ವಾಸನೆ ಬರ್ತಿದೆ ಕಣ್ರೀ. ಈ ಆಯಿಲ್ ಕೆಂಪಗಿರ್ಬೇಕಂತೆ, ಗಾಡಿ ಪುಸ್ತಕದಲ್ಲಿದೆ. ಇದು ನೋಡಿ, ಕಾಫಿ ಡಿಕಾಕ್ಷನ್ ಆಗಿದೆ."

"ಅದು ಎಂಜಿನ್ ಆಯಿಲ್. ಅದು ಕಪ್ಪೇ ಇರುವುದು."

"ಎಂಜಿನ್ ಆಯಿಲ್ ಆಗಿದ್ರೆ ಇಷ್ಟು ಹಿಂದೆ ಯಾಕೆ ಸೋರತ್ತೆ?"

ಉತ್ತರ ಗೊತ್ತಿಲ್ಲದಾಗ ನಾನು ದನಿ ಏರಿಸುತ್ತೇನೆ. ಅಂದೂ ಏರಿಸಿದೆ. ಮೂರನೆಯ ವಾರ ಅವಳು, ಫ್ಲೈಓವರ್ ಹತ್ತುವಾಗ ಎಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ ಎಂದಳು. ನಾಲ್ಕನೆಯ ವಾರ ಫೋನಿನಲ್ಲಿ ಬರಿಯ ಒಂದು ಮಾತು: "ಸೋಮವಾರ ಮೇಡಂ ಬರ್ತಾರೆ. ಅಷ್ಟರೊಳಗೆ ಒಂದ್ಸಲ ತೋರಿಸ್ತೀರಾ?"

ತೋರಿಸಿದೆ. ಅದೇ ದುರಂತ. ತೋರಿಸದಿದ್ದರೆ ಸೋಮಾರಿತನ ಎಂದಾದರೂ ಹೇಳಬಹುದಿತ್ತು.

ಎಡಪ್ಪಳ್ಳಿಯ ಹಿಂದಿನ ಓಣಿಯಲ್ಲಿ ಸುಕುಚೇಟ್ಟನ್ ಎಂಬವರ ವರ್ಕ್‌ಶಾಪು. ಗುರುವಾರ ಮಧ್ಯಾಹ್ನ ಜಡಿಮಳೆ, ತಗಡಿನ ಮಾಡಿನ ಮೇಲೆ ಮಳೆಯ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳದು. ಅವರು ಎಂಜಿನ್ ಓಡುತ್ತಿರುವಾಗಲೇ ಬಾನೆಟ್ಟಿನೊಳಗೆ ಕೈಹಾಕಿ, ಗಿಯರ್ ಆಯಿಲ್ ಅಳೆಯುವ ಉದ್ದ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದು, ಬೆಳಕಿಗೆ ಹಿಡಿದರು. ಕಡ್ಡಿಯಲ್ಲಿ ಎರಡು ಗೆರೆಗಳಿರುತ್ತವೆ, ಆಯಿಲ್ ಅವುಗಳ ನಡುವೆ ಇದ್ದರೆ ಸರಿ. ಅಷ್ಟು ನನಗೆ ಗೊತ್ತಿತ್ತು. ಸುಕುಚೇಟ್ಟನ್ ತಲೆಯಾಡಿಸುತ್ತ, "ಇದಿಲ್ ಮಟ್ಟುಂಡಲ್ಲೋ ಸಾರೇ. ನನ್ನಾಯಿಟ್ಟುಂಡ್" ಎಂದರು.

ಮಟ್ಟ ಉಂಟು. ಚೆನ್ನಾಗಿಯೇ ಉಂಟು. ನಮ್ಮ ಊರಿನಲ್ಲಿ ಕೆರೆಯ ನೀರಿಗೂ ತೊಟ್ಟಿಯ ನೀರಿಗೂ ಮಟ್ಟ ಉಂಟಾ ಎಂದೇ ಕೇಳುವುದು. ಕಾಸರಗೋಡಿನ ಕನ್ನಡವನ್ನೇ ಈ ಮನುಷ್ಯ ಮಾತಾಡುತ್ತಿದ್ದಾನೋ ಎನಿಸುವಷ್ಟು ಸ್ಪಷ್ಟವಾಗಿ ಕೇಳಿಸಿತು. ಅವರು ಕೈ ಒರೆಸಿಕೊಳ್ಳುತ್ತ, ಈಗಲೇ ಮಾಡಬೇಕೇ ಎಂದು ಕೇಳಿದರು. ಎಲ್ಲ ಸರಿ ಇರುವ ಗಾಡಿಗೂ ಏನಾದರೂ ಮಾಡಿ ಹಣ ಕೀಳುವ ಉಪಾಯವಿದು ಎಂದು ನಾನು ಒಳಗೇ ನಕ್ಕು, ಆಮೇಲೆ ಸಾಕು ಎಂದೆ. "ಸಾರಿಂಡೆ ಇಷ್ಟಂ" ಎಂದು ಅವರು ಬಾನೆಟ್ ಮುಚ್ಚಿದರು. ನಿಮ್ಮ ಇಷ್ಟ ಎಂದು. ಅವರ ಮುಖದಲ್ಲೊಂದು ಅಸಮಾಧಾನವಿತ್ತು. ಅದನ್ನು ಗಿರಾಕಿ ತಪ್ಪಿದ ಬೇಸರ ಎಂದು ಭಾಷಾಂತರಿಸಿಕೊಂಡೆ.

ಓಣಿ ದಾಟುವ ಮೊದಲೇ ಹೆಂಡತಿಗೆ ಫೋನು. "ತೋರಿಸಿದೆ. ಮಟ್ಟ ಉಂಟಂತೆ. ನೀನು ಸುಮ್ಮನೆ ಹೆದರುವುದು."

"ಬಣ್ಣ ನೋಡಿದ್ರಾ? ವಾಸನೆ?"

"ನೀನೇನು ಮೆಕ್ಯಾನಿಕ್ಕಾ?"

ಅವಳು ಫೋನಿಟ್ಟಳು.

ಆ ಶುಕ್ರವಾರದ ಪ್ರಯಾಣದಲ್ಲಿ ಕಾರು ನನಗೆ ಎಷ್ಟು ಸಲ ಹೇಳಿತೆಂದು ಈಗ ಎಣಿಸಿದರೆ ಮೈ ಉರಿಯುತ್ತದೆ. ಹರಿಪ್ಪಾಡಿನ ಹತ್ತಿರ ಗಿಯರ್ ಬದಲಾಗುವಾಗ ಎಡವಿತು. ಕೊಲ್ಲಂ ದಾಟಿದ ಮೇಲೆ ಸೀಟಿನ ಕೆಳಗಿನಿಂದ ಒಂದು ಸಣ್ಣ ಕುಂಯ್ ಎನ್ನುವ ಸದ್ದು ಶುರುವಾಗಿ, ವೇಗ ಹೆಚ್ಚಿದಂತೆ ಹೆಚ್ಚಿತು. ಆಟ್ಟಿಂಗಲ್ಲಿನ ತಡೆಯಲ್ಲಿ ಮುಕ್ಕಾಲು ಗಂಟೆ ನಿಂತಾಗ ಆ ವಾಸನೆ ಏಸಿಯೊಳಗಿಂದಲೇ ಬಂತು. ನಾನು ಎದುರಿನ ಲಾರಿಯನ್ನು ಬೈದು, ಕಿಟಕಿ ಮುಚ್ಚಿಯೇ ಇದೆಯೇ ಎಂದು ನೋಡಿಕೊಂಡೆ.

ಸೋಮವಾರ ನಾನು ರಜೆ ಹಾಕಿದ್ದೆ. ಅವಳು ಹೋಗಿ ಬಂದ ಮೇಲೆ ಮರುದಿನ ಕಾರು ತೆಗೆದುಕೊಂಡು ಕೊಚ್ಚಿಗೆ ಹೊರಡುವ ಯೋಚನೆ. ಹೌದು, ಆಗಲೂ ಅದೇ ಯೋಚನೆ. ಜಯಂತಿ ಬೆಳಿಗ್ಗೆ ನೀಲಿ ಹತ್ತಿ ಸೀರೆ ಉಟ್ಟು, ಹೊಲಕ್ಕೆ ಹಾಕುವ ಬೂಟುಗಳನ್ನು ಹಿಂದಿನ ಸೀಟಿನಲ್ಲಿಟ್ಟು, ಮೇಡಂ ಕೂರುವ ಸೀಟನ್ನು ಎರಡೆರಡು ಸಲ ಒರೆಸಿ ಹೊರಟಳು. ಅರ್ಧ ಗಂಟೆ ಆಗಿರಲಿಲ್ಲ, ಫೋನು ಬಂತು.

"ಗಾಡಿ ಹೋಗ್ತಿಲ್ಲ. ಎಂಜಿನ್ ಓಡ್ತಿದೆ, ಗಾಡಿ ಹೋಗ್ತಿಲ್ಲ."

"ಗಿಯರ್ ಡ್ರೈವಿಗೆ, ಡಿಗೆ ಹಾಕು."

"ಡಿನಲ್ಲೇ ಇದೆ."

ಆಟೋ ಹಿಡಿದು ಹೋದೆ. ಶ್ರೀಕಾರ್ಯಂ ಜಂಕ್ಷನ್ನಿನ ಏರಿನಲ್ಲಿ, ಎರಡೂ ಕಡೆ ರಸ್ತೆ ಅಗೆದು ಇಟ್ಟಿರುವಲ್ಲಿ, ಸರಿಯಾಗಿ ನಡುಮಧ್ಯೆ ಕಾರು ನಿಂತಿತ್ತು. ಹಿಂದೆ ಬಸ್ಸುಗಳ ಸಾಲು, ಹಾರನ್ನಿನ ಗದ್ದಲ. ನಾಲ್ಕು ಜನ ಅಪರಿಚಿತರು ತಳ್ಳುತ್ತಿದ್ದರು. ಜಯಂತಿ ಕೊಡೆ ಹಿಡಿದು ಪಕ್ಕದಲ್ಲಿ ನಡೆಯುತ್ತ ಕಿಟಕಿಯೊಳಗೆ ಕೈಹಾಕಿ ಸ್ಟಿಯರಿಂಗ್ ತಿರುಗಿಸುತ್ತಿದ್ದಳು. ದಾರಿಯಲ್ಲಿ ಹತ್ತಿಸಿಕೊಂಡಿದ್ದ ಮೇಡಂ ಇರಲಿಲ್ಲ. ಇಪ್ಪತ್ತು ನಿಮಿಷ ಕಾದು, ಮೀಟಿಂಗ್ ಇದೆ ಎಂದು ಆಟೋದಲ್ಲಿ ಹೋಗಿದ್ದರು. ಹೋಗುವಾಗ, ಬೇಸರ ಮಾಡಿಕೊಳ್ಳಬೇಡಿ ಜಯಂತಿ, ಆಫೀಸಿನ ಕೆಲಸವೂ ಕೆಲಸವೇ ಅಲ್ಲವೇ ಎಂದು ಹೆಗಲು ತಟ್ಟಿದ್ದರಂತೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ತಳ್ಳಿದವರೇ ಕಾರನ್ನು ಹತ್ತಿರದ ಒಂದು ವರ್ಕ್‌ಶಾಪಿಗೆ ಸೇರಿಸಿದರು. ಮಣಿಯಣ್ಣನ್ ಎಂದು ಎಲ್ಲರೂ ಕರೆಯುವ ಐವತ್ತರ ಆಸುಪಾಸಿನ ಮೆಕ್ಯಾನಿಕ್ ಚಹಾ ಕುಡಿಯುತ್ತ ನಿಂತಿದ್ದರು. ಕೊಚ್ಚಿಯಲ್ಲಿ ಎಲ್ಲರೂ ಚೇಟ್ಟನ್, ಇಲ್ಲಿ ಎಲ್ಲರೂ ಅಣ್ಣನ್. ಗ್ಲಾಸನ್ನು ಮೇಜಿನ ಮೇಲಿಟ್ಟು, ಅದೇ ಕಡ್ಡಿ ಎಳೆದು, ಹಳೆಯ ಪತ್ರಿಕೆಯ ಅಂಚಿಗೆ ಒರೆಸಿ, ಮೂಸಿ, ಮುಖ ಸಿಂಡರಿಸಿ, "ಇದ್ ಎಣ್ಣಯಲ್ಲ ಸಾರೇ. ಮುಳುವನ್ ಮಟ್ಟಾಣ್" ಎಂದರು.

ನಾನು ಹೆಂಡತಿಯ ಕಡೆ ತಿರುಗಿದೆ. "ನೋಡಿದೆಯಾ, ಇವರೂ ಅದೇ ಹೇಳುವುದು. ಮಟ್ಟ ಪೂರ್ತಿ ಉಂಟು. ಎಣ್ಣೆಯದ್ದಲ್ಲ, ತೊಂದರೆ ಬೇರೆ ಎಲ್ಲೋ ಉಂಟು."

ಅವಳು ನನ್ನ ಮುಖ ನೋಡಲಿಲ್ಲ. ಪತ್ರಿಕೆಯ ಅಂಚಿನ ಕಪ್ಪು ಕಲೆಯನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ಮುರುಕು ಮಲಯಾಳದಲ್ಲಿ, ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದಳು: "ಅಣ್ಣಾ, ಮಟ್ಟ್... ಎಂದಾ?" ಹಾಗೆಂದರೇನು ಎಂದು.

ಮಣಿಯಣ್ಣನ್ ಸುತ್ತ ನೋಡಿ, ತಮ್ಮ ಚಹಾದ ಗ್ಲಾಸು ಎತ್ತಿ, ಉಳಿದ ಗುಟುಕನ್ನು ಚೆಲ್ಲಿ, ಅವಳ ಎದುರು ಓರೆಮಾಡಿ ಹಿಡಿದರು. ತಳದಲ್ಲಿ ಚಹಾದ ಪುಡಿ ಕೆಸರಿನಂತೆ ಕೂತಿತ್ತು.

"ಇದಾಣ್ ಮಟ್ಟ್."

ಚರಟ. ತಳದಲ್ಲಿ ಕೂರುವ ಕೊಳೆ. ಸುಕುಚೇಟ್ಟನ್ ಹೇಳಿದ್ದು, ಇದರಲ್ಲಿ ಚರಟ ಇದೆ ಸಾರ್, ಬೇಕಾದಷ್ಟಿದೆ ಎಂದು. ಇವರು ಹೇಳಿದ್ದು, ಇದು ಎಣ್ಣೆಯೇ ಅಲ್ಲ, ಪೂರ್ತಿ ಚರಟ ಎಂದು. ಮಲಯಾಳ ಬಾರದ ಯಾವನಾದರೂ ಆಗಿದ್ದರೆ ಹಾಗೆಂದರೇನು ಎಂದು ಕೇಳುತ್ತಿದ್ದ. ಮಲಯಾಳ ಚೆನ್ನಾಗಿ ಬಲ್ಲವನು ತಿಳಿದುಕೊಳ್ಳುತ್ತಿದ್ದ. ಅರ್ಧ ಕನ್ನಡ, ಅರ್ಧ ಮಲಯಾಳ, ಪೂರ್ತಿ ಅಹಂಕಾರದ ನನ್ನಂಥವನೊಬ್ಬನೇ ಅದನ್ನು ಮಟ್ಟ ಉಂಟು ಎಂದು ಕೇಳಿಸಿಕೊಂಡು ಬರಲು ಸಾಧ್ಯ. ಸುಕುಚೇಟ್ಟನ್ ಸರಿಯಾಗಿ ಮಾತಾಡಬಾರದಿತ್ತೇ, ಮಳೆಯ ಸದ್ದು ಎಷ್ಟಿತ್ತು ಗೊತ್ತೇ ಎಂದೆಲ್ಲ ಶುರುಮಾಡಿದೆ. ಸಾರಿನ ಕತೆಗೆ ನಾನು ನಕ್ಕಿದ್ದಕ್ಕೆ ಸರಿಯಾಗಿ ಅವಳೂ ನಕ್ಕುಬಿಟ್ಟಿದ್ದರೆ ಬಚಾವಾಗುತ್ತಿದ್ದೆ. ಅವಳು ನಗಲಿಲ್ಲ.

"ಅವರು ಹೇಳಿದ್ದು ಬಿಡಿ" ಎಂದಳು. "ಸೀದ ವಾಸನೆ ಅಂತ ನಾನು ನಾಕು ವಾರದಿಂದ ಹೇಳ್ತಿದ್ದೆ. ಕನ್ನಡದಲ್ಲೇ ಹೇಳಿದ್ದು."

ಮಣಿಯಣ್ಣನ್ ಅವಳನ್ನು ಹತ್ತಿರ ಕರೆದು ಒಂದೊಂದೇ ತೋರಿಸತೊಡಗಿದರು. ಒಳ್ಳೆಯ ಆಯಿಲ್ ದಾಸವಾಳದಷ್ಟು ಕೆಂಪಗೆ, ಬೆಳಕು ತೂರುವಷ್ಟು ತಿಳಿಯಾಗಿರುತ್ತದೆ. ಕಂದು ತಿರುಗಿದರೆ ಎಚ್ಚರ, ಕಪ್ಪಾದರೆ ಸುಮ್ಮನಿರಬಾರದು. ಗಿಯರ್ ಹಾಕಿದ ಮೇಲೆ ಕಾರು ಯೋಚಿಸಬಾರದು. ಎಂಜಿನ್ ಕೂಗಿದಷ್ಟು ಚಕ್ರ ಓಡಬೇಕು. ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ ದಿನವೂ ಓಡಿಸಿದರೆ ಪುಸ್ತಕದಲ್ಲಿ ಬರೆದ ಅವಧಿಗೆ ಕಾಯಬಾರದು, ಮೊದಲೇ ಬದಲಿಸಬೇಕು. ಹೆಚ್ಚಿನದನ್ನು ಅವಳು ಒಂದೊಂದಾಗಿ ನನಗೆ ಮೊದಲೇ ಹೇಳಿಯಾಗಿತ್ತು. ಅವರು ಹೇಳುತ್ತಿದ್ದುದರಲ್ಲಿ ಅರ್ಧ ಅವಳಿಗೆ ತಿಳಿಯದಿದ್ದಾಗ ಕೈಸನ್ನೆ ಮಾಡಿ ಕೇಳಿದಳು. ನಾನು ಅರ್ಥ ಹೇಳಲು ಬಾಯಿ ತೆರೆದೆ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ.

ಬರಿಯ ಆಯಿಲ್ ಬದಲಿಸಿದರೆ ಮುಗಿಯುವ ಕಾಲ ದಾಟಿತ್ತು. ಗಿಯರ್ ಬಾಕ್ಸ್ ಬಿಚ್ಚಬೇಕಾಯಿತು, ಭಾಗಗಳು ಬರಲು ವಾರಗಳೇ ಹಿಡಿದವು. ಅಷ್ಟರಲ್ಲಿ ಚಿಂಗಂ ಬಂತು, ಪಂಚಾಯತುಗಳ ಪಟ್ಟಿಯೂ ಬಂತು. ಜಯಂತಿಯ ಹೆಸರು ಆಫೀಸಿನ ಕೆಲಸದ ಸಾಲಿನಲ್ಲಿತ್ತು. ಹೊಲಗಳಿಗೆ ಅವಳಿಗಿಂತ ಹತ್ತು ವರ್ಷ ಕಿರಿಯರೊಬ್ಬರು ಹೋದರು. ನಾನು ಮೇಡಂ ಅವರನ್ನು ಕಂಡು ತಪ್ಪೆಲ್ಲ ನನ್ನದು ಎಂದು ಹೇಳುತ್ತೇನೆ ಎಂದೆ. "ಬೇಡ" ಎಂದಳು. "ಅಲ್ಲೂ ನನ್ನ ಮಾತು ನೀವೇ ಆಡ್ಬೇಕಾ?"

ಕಾರು ತಯಾರಾದ ಮೇಲೆ ತಿರುವನಂತಪುರ ಬಿಟ್ಟು ಅಲುಗಲಿಲ್ಲ. ಅವಳು ಕೇಳಲಿಲ್ಲ, ನಾನೂ ಕೇಳಲಿಲ್ಲ. ಶುಕ್ರವಾರ ಸಂಜೆಯ ರೈಲು ಹಿಡಿದೆ. ಅದು ಮೊದಲಿನಿಂದಲೂ ಇತ್ತು. ಹೊರಗೆ ಹೆದ್ದಾರಿಯಲ್ಲಿ ಕಾರುಗಳು ತೆವಳುವುದನ್ನು ನೋಡುತ್ತ, ಇಷ್ಟು ದಿನ ಯಾವ ದೊಡ್ಡಸ್ತಿಕೆಗೆ ಅಲ್ಲಿ ಕೂತಿದ್ದೆ ಎಂದು ನನ್ನನ್ನೇ ಶಪಿಸಿಕೊಳ್ಳುತ್ತಿದ್ದೆ. ಅವಳು ಭಾನುವಾರ ಭಾನುವಾರ ಎಂಜಿನ್ ಓಡಿಸಿಟ್ಟು, ಕಡ್ಡಿ ಎಳೆದು, ಬಿಳಿ ಬಟ್ಟೆಗೆ ಒರೆಸಿ ನೋಡುತ್ತಿದ್ದಳು. ಯಾವಾಗಲಾದರೂ ನಾನು ಪಕ್ಕದಲ್ಲಿ ಹೋಗಿ ನಿಂತರೆ, ಬಟ್ಟೆ ಮಡಚಿ ಜೇಬಿಗೆ ಹಾಕಿಕೊಂಡು ಒಳಗೆ ಹೋಗುತ್ತಿದ್ದಳು. ಆರು ತಿಂಗಳು ಹೀಗೆ ಕುರ್ಚಿಯ ಮೇಲೆ ಕೂತು ಬೇರೆಯವರು ನೋಡಿ ಬಂದ ಹೊಲಗಳ ಅಂಕಿ ಕೂಡಿಸಿದಳು. ಮುಂದಿನ ಬೆಳೆಗೆ ಮೊದಲು ಮೇಡಂ ಇನ್ನೊಂದು ಸೋಮವಾರ ಕೊಟ್ಟರು. ನಾನು ಕೊಚ್ಚಿಯಲ್ಲಿದ್ದೆ, ಬೇಕೆಂದೇ. ಸಂಜೆ ಅವಳಿಂದ ಎರಡು ಪದದ ಮೆಸೇಜು ಬಂತು: ಎರಡು ಪಂಚಾಯತ್. ಆಫೀಸಿನ ಮೆಟ್ಟಿಲ ಮೇಲೆ ಕೂತು ಅದನ್ನು ಎಷ್ಟೋ ಹೊತ್ತು ನೋಡಿದೆ. ಕಣ್ಣು ಒದ್ದೆಯಾಯಿತು, ಮರೆಮಾಡುವುದೇನು.

ಅದಾಗಿ ಕೆಲವು ವಾರಗಳ ಮೇಲೆ ಒಂದು ಭಾನುವಾರ ಶ್ರೀಕಾರ್ಯಂನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅವಳ ಫೋನು ಬಡಿಯಿತು. ವೆಂಞಾರಮೂಡಿನ ಕಡೆಯ ಒಬ್ಬ ರೈತ, ಮರಗೆಣಸಿನ ಎಲೆಗೆ ಏನೋ ಬಂದಿದೆ ಎಂದು ಗಾಬರಿಯಿಂದ ಒಂದೇ ಉಸಿರಿಗೆ ಹೇಳುತ್ತಿರುವುದು ನನಗೂ ಕೇಳಿಸಿತು. ಮಲಯಾಳದ ಕರೆ ಬಂದರೆ ಎರಡು ಮಾತು ಕೇಳಿ 'ನೀವೇ ಮಾತಾಡಿ' ಎಂದು ನನ್ನ ಕೈಗೆ ಕೊಡುವುದು ಕೇರಳಕ್ಕೆ ಬಂದಂದಿನಿಂದ ಅವಳ ರೂಢಿ. ನಾನು ಎಡಗೈ ಚಾಚಿದೆ. ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು. ತಡವರಿಸುತ್ತ, ಒಂದೊಂದು ಶಬ್ದವನ್ನೂ ಮೂರು ಸಲ ಕೇಳಿ, ಎಲೆಯ ಬಣ್ಣ ಹೇಗಿದೆ, ಮೇಲೋ ಕೆಳಗೋ ಎಂದು ವಿಚಾರಿಸಿ, ಕೊನೆಗೆ "ನಾಳೆ ರಾವಿಲೆ ಞಾನ್ ವರಾಂ" ಎಂದು ಇಟ್ಟಳು. ನಾಳೆ ಬೆಳಿಗ್ಗೆ ನಾನು ಬರುತ್ತೇನೆ.

ಚಾಚಿದ ಕೈ ಇನ್ನೂ ಹಾಗೇ ಇತ್ತು.

"ಎಂತ ಹೇಳಿದ ಅವ?" ಎಂದೆ.

"ನಂಗೆ ಅರ್ಥ ಆಯ್ತು" ಎಂದು ಜಯಂತಿ ಊಟ ಮುಂದುವರಿಸಿದಳು.